ಆಧಾ ಸಾಬರ ಕಂಪ್ಯೂಟರು

ಸಾಬರ ಮಗಳು ನನಗೆ ಫೋನ್ ಮಾಡಿದ್ದು ಅವರ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರು ಊರಿಗೆ ಮರಳಿದ ಮೇಲೆ. ಸನತ್‌ನಗರದ ಮನೆ ಖಾಲಿ ಮಾಡುವ ಕೆಲಸ ಅವಳ ತಲೆಯ ಮೇಲೆ ಬಿದ್ದಿತ್ತು. ಅವಳದು ಮಣಿಕೊಂಡದಲ್ಲಿ ಸಣ್ಣ ಫ್ಲ್ಯಾಟು. ಮಂಚ, ಕಪಾಟು, ಪಾತ್ರೆ ಪಡಗ ಎಲ್ಲಕ್ಕೂ ಒಂದು ದಾರಿ ಮಾಡಿದ್ದಳು. ಉಳಿದದ್ದು ನಡುಮನೆಯ ಮೇಜಿನ ಮೇಲೆ ಹರವಿಕೊಂಡು ಕೂತಿದ್ದ ಆ ಯಂತ್ರ ಮಾತ್ರ.

"ಅತ್ತಿ, ಅಪ್ಪಾಜಿದು ಆ ಕಂಪ್ಯೂಟರ್ ಐತೆಲ್ಲ, ಅದು ಬರೋಬ್ಬರಿ ನಡಿಯಾಕ ಒಲ್ದು. ದೀಪ ಹತ್ತತಾವ, ಲೆಕ್ಕ ತಪ್ಪ ಬರತೈತಿ. ಏನ ಮಾಡೂಣು?"

"ಕೆಟ್ಟೈತೇನು?" ಅಂದೆ.

"ಹೂಂ."

"ಛಲೋ ಆತು ಬಿಡು."

ಅಪ್ಪನನ್ನು ಕಳೆದುಕೊಂಡ ಮಗಳಿಗೆ ನನ್ನ ಮಾತು ಒರಟಾಗಿ ಕೇಳಿಸಿರಬೇಕು. ನನ್ನ ಮಾತು ಎಷ್ಟೋ ಜನರಿಗೆ ಹಾಗೆ ಕೇಳಿಸುತ್ತದೆ, ಅದಕ್ಕೆ ಈ ವಯಸ್ಸಿನಲ್ಲಿ ಔಷಧವಿಲ್ಲ. ಆದರೆ ಆ ಮಾತನ್ನು ನಾನು ಸಂತೋಷದಿಂದಲೇ ಆಡಿದ್ದೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ಸಾಬರನ್ನು ಸ್ವಲ್ಪ ತಿಳಿಯಬೇಕು.

ಅಬಿಡ್ಸಿನ ನಮ್ಮ ವಿಮಾ ಕಚೇರಿಯಲ್ಲಿ ಅವರು ನನಗಿಂತ ಹಿರಿಯರು, ಹುದ್ದೆಯಲ್ಲೂ ವಯಸ್ಸಿನಲ್ಲೂ. ಇಬ್ಬರೂ ವಿಜಯಪುರದ ಕಡೆಯವರು. ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ ಎಂದು ದಿನ ತಳ್ಳುವ ಊರಿನಲ್ಲಿ, ಪಕ್ಕದ ಟೇಬಲ್ಲಿನಿಂದ "ಯಾಕವಾ ತಂಗಿ, ಊಟ ಆತೇನು?" ಎಂದು ಯಾರಾದರೂ ಕೇಳಿದರೆ ಮನಸ್ಸಿಗೆ ಹಿತವಾಗುತ್ತದೆ. ಕಚೇರಿಯೊಳಗೆ ಅವರು ನನಗೆ 'ಸರ', ಹೊರಗೆ ಬಂದರೆ 'ಅಣ್ಣಾರ'. ಅವರ ಹೆಂಡತಿ ನನಗೆ ವೈನಿ. ರಕ್ತಸಂಬಂಧ ಏನೂ ಇಲ್ಲ. ಪರ ಊರಿನಲ್ಲಿ ಸಂಬಂಧಗಳನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ.

'ಆಧಾ ಸಾಬ್' ಎಂದು ಹೆಸರಿಟ್ಟವನು ಕಚೇರಿಯ ಮುದುಕ ಜವಾನ. ಯಾರಾದರೂ ಅವರನ್ನು ಹುಡುಕಿಕೊಂಡು ಬಂದರೆ ಅವನು ಕುರ್ಚಿಗೆ ನೇತುಹಾಕಿದ್ದ ಸ್ವೆಟರನ್ನೂ ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಚಹಾವನ್ನೂ ತೋರಿಸಿ, "ಆಧಾ ಸಾಬ್ ಇಧರಿಚ್ ಹೈ, ಬಾಕಿ ಆಧಾ ಕಿಧರ್ ಗಯಾ ಕೀ" ಅನ್ನುತ್ತಿದ್ದ. ಅರ್ಧ ಸಾಹೇಬರು ಇಲ್ಲೇ ಇದ್ದಾರೆ, ಉಳಿದರ್ಧ ಎಲ್ಲಿಗೆ ಹೋಯಿತೋ. ಕೆಲವೇ ದಿನಗಳಲ್ಲಿ ಇಡೀ ಕಚೇರಿ ಅದನ್ನೇ ಹಿಡಿದುಕೊಂಡಿತು. ಸಾಬರಿಗೂ ಗೊತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಶುರು ಮಾಡಿ, ಅದನ್ನೂ ಅರ್ಧಕ್ಕೆ ಬಿಟ್ಟರು.

ಹೆಸರು ಸುಳ್ಳಾಗಿರಲಿಲ್ಲ. ಅವರ ಅಂಗಿಯ ಒಂದು ತೋಳು ಮಡಚಿರುತ್ತಿತ್ತು, ಇನ್ನೊಂದು ಮಡಚಿರುತ್ತಿರಲಿಲ್ಲ. ಮಾತು ಆಡುತ್ತ ಆಡುತ್ತ ಕಿವಿಯ ತುದಿ ಹಿಡಿದುಕೊಂಡು ನಿಂತುಬಿಡುವರು, ಆಮೇಲೆ "ಇರ್ಲಿ, ಆಮ್ಯಾಲೆ ನೋಡೂಣು" ಅನ್ನುವರು. ಆ 'ಆಮ್ಯಾಲೆ' ಬಂದದ್ದನ್ನು ನಾನು ಕಂಡಿಲ್ಲ. ಸನತ್‌ನಗರದಲ್ಲಿ, ಹಿಂದೆ ಕಾರ್ಖಾನೆಯ ಕೆಲಸಗಾರರು ಇರುತ್ತಿದ್ದ ಓಣಿಯೊಂದರಲ್ಲಿ, ಅವರ ಮನೆ. ಗೇಟಿಗೆ ಎರಡು ಕದ. ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಬಣ್ಣಕ್ಕೆ ಮುಂಚೆ ಬಳಿಯುವ ಕೆಂಪು ಪ್ರೈಮರ್ ಮಾತ್ರ. ಮೇಲೊಂದು ಕೋಣೆ ಕಟ್ಟಿಸುವ ಉತ್ಸಾಹದಲ್ಲಿ ಮೆಟ್ಟಿಲು ಕಟ್ಟಿಸಿದ್ದರು. ಕೋಣೆ ಬರಲಿಲ್ಲ. ಮೆಟ್ಟಿಲುಗಳು ಮೇಲೆ ಹೋಗಿ ಆಕಾಶ ನೋಡುತ್ತ ನಿಂತಿದ್ದವು. ವೈನಿ ಅವುಗಳ ಮೇಲೆ ಸಂಡಿಗೆ ಒಣಗಿಸುತ್ತಿದ್ದರು. ಹಾರ್ಮೋನಿಯಂ ಪೇಟಿ ಕಲಿತರು, ಎಡಗೈಯಿಂದ ಗಾಳಿ ಹಾಕುವುದು ಬಂದಿತು, ಬಲಗೈ ಬರಲಿಲ್ಲ. ತೆಲುಗು ಓದಲು ಕಲಿತರು, ಬರೆಯಲು ಕಲಿಯಲಿಲ್ಲ. ನನ್ನನ್ನು ಬಸ್ ಸ್ಟಾಪಿಗೆ ಬಿಡಲು ಹೊರಟರೆ ಕೂಡ ಕಿರಾಣಿ ಅಂಗಡಿಯ ಮೂಲೆಯ ತನಕ ಬಂದು, "ಮುಂದ ಸೀದಾ ಐತಿ, ಹೋಗವಾ" ಎಂದು ಹಿಂದೆ ತಿರುಗುತ್ತಿದ್ದರು.

ವೈನಿ ಇದನ್ನೆಲ್ಲ ನಗುತ್ತ ಸಹಿಸಿದ್ದರು ಎಂದರೆ ಅದು ಪೂರ್ತಿ ನಿಜವಲ್ಲ. ಊರಲ್ಲಿ ಮದುವೆ ಮುಂಜಿಗೆ ಹೋದರೆ ಅವರ ಅಣ್ಣತಮ್ಮಂದಿರು "ಮಾಮಾರ ಮಾಳಿಗಿ ಎಲ್ಲೀತನಾ ಬಂತು?" ಎಂದು ಕೇಳಿ ನಗುತ್ತಿದ್ದರು. ಆ ನಗು ವೈನಿಗೆ ಚುಚ್ಚುತ್ತಿತ್ತು. ಗಂಡನನ್ನು ತಾವು ಬೈಯಬಹುದು, ತವರಿನವರು ನಗಬಾರದು.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಸಾಬರು ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ನೋಡಲು ಹೋದರು. ಬರುವಾಗ ಅವರ ಚೀಲದಲ್ಲಿ ಎಂಜಿನಿಯರಿಂಗ್ ಹುಡುಗರು ಓದಿ ಬಿಸಾಕಿದ ದಪ್ಪ ಪುಸ್ತಕವೊಂದಿತ್ತು. ಕಂಪ್ಯೂಟರಿನ ಒಳಗೆ ಏನೇನು ಇರುತ್ತದೆ, ಅದನ್ನು ಬಿಡಿ ಬಿಡಿ ಭಾಗಗಳಿಂದ ಹೇಗೆ ಕಟ್ಟಬಹುದು ಎಂದು ಅದರಲ್ಲಿತ್ತು. ಕೊನೆಯ ಅಧ್ಯಾಯಗಳು ಹರಿದು ಹೋಗಿದ್ದವು.

"ಪುಸ್ತಕ ಸುದ್ದಾ ನಿಮ್ಮಂಗನ ಅರ್ಧಾ ಆರಿಸಿ ತಂದೀರಿ ನೋಡ್ರಿ," ಅಂದರು ವೈನಿ.

ಈ ಹುಚ್ಚಿಗೆ ಒಂದು ಹಳೆಯ ಕಾರಣವಿತ್ತು. ಕಚೇರಿಗೆ ಮೊದಲ ಸಲ ಕಂಪ್ಯೂಟರು ಬಂದಾಗ ನಮಗೆಲ್ಲ ತರಬೇತಿ ಕೊಟ್ಟರು. ಈ ಗುಂಡಿ ಒತ್ತಿ, ಇಲ್ಲಿ ಹೆಸರು ತುಂಬಿ, ಅಲ್ಲಿ ಮೊತ್ತ ಬರುತ್ತದೆ. ಸಾಬರು ಕೈ ಎತ್ತಿ, "ಒತ್ತಿದ ಮೇಲೆ ಒಳಗೆ ಏನಾಗುತ್ತದೆ?" ಎಂದು ಕೇಳಿದರು. ಕಲಿಸಲು ಬಂದವನು ನಯವಾಗಿಯೇ, "ಸರ್, ಅದು ನಮಗೆ ಬೇಕಾಗಿಲ್ಲ" ಅಂದ. ನಮಗೆ ಯಾರಿಗೂ ಬೇಕಾಗಿರಲಿಲ್ಲ, ನಿಜ. ಸಾಬರಿಗೆ ಬೇಕಾಗಿತ್ತು. ಆ ಪ್ರಶ್ನೆಯೊಂದನ್ನು ಮಾತ್ರ ಅವರು ಅರ್ಧಕ್ಕೆ ಬಿಡದೆ ನಿವೃತ್ತಿಯ ತನಕ ಹೊತ್ತುಕೊಂಡು ಬಂದಿದ್ದರು.

ನಾನೂ ಒಂದೆರಡು ಸಲ ಅವರ ಜೊತೆ ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋಗಿದ್ದೇನೆ. ಅಲ್ಲಿಯ ಅಂಗಡಿಯವನಿಗೆ ಈ ಗಿರಾಕಿಯನ್ನು ಕಂಡರೆ ಕನಿಕರ. "ಕಾಯ್ಕು ಪರೇಶಾನ್ ಹೋರೇ ಸಾಬ್? ರೆಡಿಮೇಡ್ ಲ್ಯಾಪ್‌ಟಾಪ್ ಲೇಲೇವ್ ನಾ," ಅನ್ನುತ್ತಿದ್ದ, ಇಷ್ಟು ಒದ್ದಾಟ ಯಾಕೆ, ಸಿದ್ಧವಾದದ್ದನ್ನೇ ಕೊಂಡುಬಿಡಿ ಎಂದು. ಸಾಬರು ಸಣ್ಣ ಸಣ್ಣ ದೀಪಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಲ್ಯಾಪ್‌ಟಾಪ್ ಪೂರಾ ಆಗೇ ಬರತೈತೆಲ್ಲವಾ. ಅದರಾಗ ನಂದೇನ ಕೆಲಸ?"

ನಡುಮನೆಯ ಊಟದ ಮೇಜು ಹೀಗೆ ಊಟಕ್ಕೆ ಇಲ್ಲವಾಯಿತು. ಅದರ ಮೇಲೆ ಸಾಲುಸಾಲು ತೂತುಗಳಿದ್ದ ಬಿಳಿ ಪ್ಲಾಸ್ಟಿಕ್ ಹಲಗೆಗಳು ಬಂದವು. ಆ ತೂತುಗಳಲ್ಲಿ ಎರಡೂ ಬದಿ ಕಾಲಿರುವ ಕಪ್ಪು ಚಿಪ್ಪುಗಳು, ಅಂದರೆ ಐ.ಸಿ.ಗಳು, ಕೂತವು. ವೈನಿ ಅವುಗಳನ್ನು ಜಿರಳೆಗಳೆಂದೇ ಕರೆದರು. ಒಂದು ಐ.ಸಿ.ಯಿಂದ ಇನ್ನೊಂದಕ್ಕೆ ಕೆಂಪು, ನೀಲಿ, ಹಳದಿ, ಹಸಿರು ವೈರುಗಳು ಓಡಿದವು. ಮುಂದಿನ ಸಾಲಿನಲ್ಲಿ ಸಂಖ್ಯೆ ಕೊಡಲು ಪುಟ್ಟ ಸ್ವಿಚ್ಚುಗಳು, ಉತ್ತರ ತೋರಿಸಲು ಪುಟ್ಟ ದೀಪಗಳು. ಪರದೆ ಇಲ್ಲ, ಕೀಲಿಮಣೆ ಇಲ್ಲ. ಎರಡು ಸಂಖ್ಯೆ ಕೊಟ್ಟರೆ ನೆನಪಿಟ್ಟುಕೊಂಡು, ಕೂಡಿಸಿ ಅಥವಾ ಕಳೆದು, ಉತ್ತರ ಹೇಳಬೇಕು. ಅಷ್ಟೇ ಅದರ ಜೀವನ.

ಹಲಗೆಗೆ ಬೆಸುಗೆ ಹಾಕುವುದಿಲ್ಲ ಎಂಬುದು ಅವರ ಹಟ. ವೈರಿನ ತುದಿಯನ್ನು ತೂತಿಗೆ ಚುಚ್ಚುವುದು, ಬೇಡವೆಂದರೆ ಕೀಳುವುದು. ಬೆಸುಗೆ ಹಾಕಿದರೆ ಗಟ್ಟಿಯಾಗಿರುತ್ತದಲ್ಲ ಎಂದು ನಾನು ಕೇಳಿದೆ. "ಬೆಸುಗಿ ಹಾಕಿದ್ರ ಮುಗದ ಹೋತು ತಂಗಿ. ಮತ್ತ ಬಿಚ್ಚಾಕ ಬರಂಗಿಲ್ಲ," ಅಂದರು. ಮುಗಿದುಹೋಗುವುದು ಒಂದು ಅಪಾಯವೆನ್ನುವಂತೆ.

"ದೀಪ ಹತ್ತಿದ್ರ ಒಂದು, ಆರಿದ್ರ ಸೊನ್ನಿ. ಜಗತ್ತಿನ ಲೆಕ್ಕ ಎಲ್ಲಾ ಇಷ್ಟರಾಗ ಐತಿ," ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು.

"ನಮ್ಮನಿಯೊಳಗ ಸೊನ್ನಿನ ಜಾಸ್ತಿ ಅದಾವು," ಎಂದು ಒಳಗಿನಿಂದ ವೈನಿಯ ದನಿ ಬರುತ್ತಿತ್ತು.

ಹರಿದ ಪುಟಗಳ ಜಾಗಕ್ಕೆ ಬಂದು ಕೆಲಸ ನಿಂತಿತು. ಯಾವ ಭಾಗ ಯಾವಾಗ ಕೆಲಸ ಮಾಡಬೇಕು ಎಂದು ಹೇಳುವ ಭಾಗ, ಅಂದರೆ ಇಡೀ ಯಂತ್ರದ ಮೇಸ್ತ್ರಿ, ಆ ಪುಟಗಳಲ್ಲಿತ್ತು. ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಸಿಗುತ್ತದೆ, ಮಗಳು ಹುಡುಕಿಕೊಡುತ್ತಾಳೆ ಎಂದೆ. ಅವರು ಕಿವಿಯ ತುದಿ ಹಿಡಿದುಕೊಂಡು, "ಸಿಗತೈತಿ. ಸಿಕ್ಕಬಿಟ್ರ ಆಮ್ಯಾಲೆ ನಾ ಏನ್ ಮಾಡ್ಲಿ?" ಅಂದರು. ನನಗೆ ರೇಗಿತು. ಈ ಮನುಷ್ಯ ಮುಗಿಸುವವನಲ್ಲ ಎಂದು ಅಂದೇ ತೀರ್ಮಾನಿಸಿದೆ.

ವೈನಿಗೂ ಹಾಗೇ ಅನ್ನಿಸಿರಬೇಕು. ಒಂದು ದಿನ ಅವರು ತಮಾಷೆ ಬಿಟ್ಟು ಮಾತಾಡಿದರು. ನಾನು ಅಲ್ಲೇ ಕೂತಿದ್ದೆ. "ಮಾಳಿಗಿ ಬ್ಯಾಡ, ಗೇಟ್ ಬ್ಯಾಡ, ಪೇಟಿ ಬಾರಸೂದು ಬ್ಯಾಡ. ಇದೊಂದ ಪೂರಾ ಮಾಡ್ರಿ. ನಾ ಕಣ್ಣಿಲೆ ನೋಡಬೇಕು, ನನ್ನ ಗಂಡ ಒಂದರ ಮುಗಿಸಿದಾನಂತ." ಸಾಬರು ಮಡಚದೆ ಬಿಟ್ಟಿದ್ದ ಇನ್ನೊಂದು ತೋಳನ್ನು ಮಡಚಿಕೊಂಡರು. ಅವರ ಎರಡೂ ತೋಳು ಮಡಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಬಹಳ ದಿನ ಹಿಡಿಯಿತು, ಆದರೆ ಬಿಡಲಿಲ್ಲ. ಹರಿದ ಪುಟಗಳಲ್ಲಿ ಏನಿರಬಹುದು ಎಂಬುದನ್ನು ಹಿಂದಿನ ಪುಟಗಳಿಂದ ತಾವೇ ಊಹಿಸಿ, ಹಾಕಿ, ಕಿತ್ತು, ಮತ್ತೆ ಹಾಕಿ, ಕೊನೆಗೆ ಒಂದು ಮಧ್ಯಾಹ್ನ ನನಗೆ ಫೋನ್ ಬಂತು. ವೈನಿಯದು. "ಲಗೂನ ಬಾರವಾ. ಹೋಳಗಿ ಮಾಡೀನಿ."

ಹೋದೆ. ಸಾಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಿಚ್ಚುಗಳಲ್ಲಿ ಎರಡು ಹಾಕಿದರು, ಮೂರು ಹಾಕಿದರು. ದೀಪಗಳು ನಿಧಾನವಾಗಿ ಒಂದರ ಹಿಂದೊಂದು ಮಿಣುಕಿದವು. ಯಂತ್ರ ಮಾಡುವ ಒಂದೊಂದು ಹೆಜ್ಜೆಯೂ ಕಣ್ಣಿಗೆ ಕಾಣಲಿ ಎಂದು ಅವರು ಬೇಕೆಂದೇ ವೇಗ ತಗ್ಗಿಸಿದ್ದರು. ಕೊನೆಯ ಸಾಲಿನಲ್ಲಿ ಒಂದು ದೀಪ ಹತ್ತಿತು, ಪಕ್ಕದ್ದು ಆರಿತು, ಅದರ ಪಕ್ಕದ್ದು ಹತ್ತಿತು.

"ಐದು," ಅಂದರು ಸಾಬರು.

"ಐದಂತವಾ!" ಎಂದು ವೈನಿ ನನ್ನ ಭುಜ ಹಿಡಿದು ಅಲುಗಾಡಿಸಿದರು. ಎರಡು ಮೂರು ಐದು ಎಂದು ಆ ಹೆಂಗಸಿಗೆ ಅಂದೇ ಗೊತ್ತಾದಂತಿತ್ತು. ನಾನೂ ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ. ಹೋಳಿಗೆ ಚೆನ್ನಾಗಿತ್ತು, ಲೆಕ್ಕವೂ ಸರಿಯಾಗಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿದದ್ದೇ ತೊಂದರೆಯಾಯಿತು.

ಮೊದಲ ಕೆಲವು ದಿನ ಸಾಬರು ಬಂದವರಿಗೆಲ್ಲ ಕೂಡಿಸಿ ತೋರಿಸಿದರು. ಆಮೇಲೆ ತೋರಿಸುವುದನ್ನು ಬಿಟ್ಟರು. ಯಂತ್ರದ ಮುಂದೆ ಸುಮ್ಮನೆ ಕೂರುವರು. ಆಮೇಲೆ ಅಲ್ಲಿ ಕೂರುವುದನ್ನೂ ಬಿಟ್ಟರು. ಒಂದು ದಿನ ವೈನಿ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದರು. "ಗೇಟಿನ ಇನ್ನೊಂದ ಕದಕ್ಕ ಬಣ್ಣಾ ಹಚ್ಚಾರ."

"ಛಲೋ ಆತಲ್ರಿ ವೈನಿ."

"ಏನ ಛಲೋ? ಬ್ಯಾಂಕಿಗೆ ಹೋಗಿ ಎಲ್ಲಾ ಕಾಗದದಾಗ ನನ್ನ ಹೆಸರು ಹಾಕಿಸಿ ಬಂದಾರ. ಪೇಟಿ ಯಾರಿಗೋ ಕೊಟ್ಟಬಿಟ್ರು. ನಿನ್ನೆ ಚಹಾ ಪೂರಾ ಕುಡದು, ಕಪ್ ತೊಳದಿಟ್ಟಾರ. ನನಗ ಅಂಜಿಕಿ ಬರಾಕತ್ತೈತಿ ತಂಗಿ. ಎಲ್ಲಾ ಮುಗಸಾಕತ್ತಾರ."

ನಾನು ಹೋಗಿ ನೋಡಿದೆ. ಗೇಟು ಎರಡೂ ಕಡೆ ಹಸಿರಾಗಿ, ಬೇರೆ ಯಾರದೋ ಮನೆಯ ಗೇಟಿನಂತೆ ಕಂಡಿತು. ಸಾಬರು ಇಳಿದುಹೋಗಿದ್ದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿ ಇದೆ ಅಂದಿದ್ದರಂತೆ. ನನ್ನ ಜೊತೆ ಎರಡು ಮಾತಾಡಿದರು. ಎರಡೂ ಪೂರ್ತಿ ವಾಕ್ಯಗಳು. ಅಂದು ನನ್ನನ್ನು ಬಸ್ ಸ್ಟಾಪಿನವರೆಗೂ ಬಂದು ಬಿಟ್ಟು, ಬಸ್ಸು ಬರುವ ತನಕ ನಿಂತರು. ಬಸ್ಸಿನಲ್ಲಿ ಕೂತ ಮೇಲೆ ನನಗೂ ಹೆದರಿಕೆಯಾಯಿತು.

ಅವರನ್ನು ಉಳಿಸಿದ್ದು ಖಂಡೆ ಪೂಜೆ. ಬೇರೆಯವರು ಆಯುಧ ಪೂಜೆ ಅನ್ನುವ ಆ ದಿನ ವೈನಿ ಮನೆಯ ಈಳಿಗೆ, ಹಾರೆ, ಮಿಕ್ಸರು, ಸಾಬರ ಸ್ಕೂಟರು ಎಲ್ಲಕ್ಕೂ ಪೂಜೆ ಮಾಡುತ್ತಿದ್ದರು. ಕಂಪ್ಯೂಟರಿಗೆ ಮಾತ್ರ ಅಷ್ಟು ವರ್ಷ ಮಾಡಿರಲಿಲ್ಲ. ಅರ್ಧ ಆದ ಸಾಮಾನಿಗೆ ಪೂಜೆ ಸಲ್ಲದು ಎಂಬುದು ಅವರ ಕಟ್ಟಳೆ. ಈಗ ಅದು ಪೂರ್ತಿಯಾಗಿತ್ತಲ್ಲ. ಸಾಬರು ಸ್ನಾನಕ್ಕೆ ಹೋಗಿದ್ದಾಗ ವೈನಿ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಲ್ಲ ಹಲಗೆಗಳಿಗೂ ಎಳೆದರು. ಒಂದೊಂದು ಐ.ಸಿ.ಗೂ ಒದ್ದೆ ಅರಿಸಿನ, ಅದರ ಮೇಲೆ ಕುಂಕುಮ. ಮೇಲೆ ಚೆಂಡು ಹೂವಿನ ಎಸಳು. ಯಾವ ಐ.ಸಿ.ಗೂ ಕಡಿಮೆಯಾಗದಂತೆ, ಮುತ್ತೈದೆಯರಿಗೆ ಹಚ್ಚಿದಷ್ಟು ಪ್ರೀತಿಯಿಂದ ಹಚ್ಚಿದ್ದರು. ಸಾಬರು ಬಂದ ಕೂಡಲೇ "ಚಾಲೂ ಮಾಡ್ರಿ, ಆರತಿ ಬೆಳಗ್ತೀನಿ" ಅಂದರು. ಹಚ್ಚಿದ್ದನ್ನು ಸಾಬರು ಸರಿಯಾಗಿ ನೋಡುವ ಮೊದಲೇ ಕೈ ಸ್ವಿಚ್ಚಿನ ಮೇಲೆ ಹೋಗಿತ್ತು.

ಎರಡು ಮತ್ತು ಮೂರು ಕೂಡಿ ಎಪ್ಪತ್ತೊಂದಾಯಿತು. ಇನ್ನೊಮ್ಮೆ ಕೂಡಿದರೆ ಏನೂ ಆಗಲಿಲ್ಲ.

ವೈನಿ ಆರತಿ ತಟ್ಟೆ ಹಿಡಿದುಕೊಂಡೇ ಅತ್ತರಂತೆ. ಸಾಬರು ಬಹಳ ಹೊತ್ತು ಕಿವಿಯ ತುದಿ ಹಿಡಿದು ನಿಂತು, ಒಂದು ತೋಳು ಮಡಚಿಕೊಂಡು, "ಎಲ್ಲಾ ಬಿಚ್ಚಬೇಕಾಗತೈತಿ" ಅಂದರಂತೆ. ಆ ದನಿ ಸಿಟ್ಟಿನದಾಗಿರಲಿಲ್ಲ.

ಮರುದಿನ ಸಂಜೆ ದಸರೆಯ ಬನ್ನಿ ಕೊಡಲು ನಾನು ಹೋದೆ. ಸಾಬರು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ತೂತುಗಳಿಂದ ಅರಿಸಿನ ಕೆರೆಯುತ್ತಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರ್ರಿ ಅಣ್ಣಾರ," ಅಂದೆ. ತಲೆ ಎತ್ತದೆ ಒಂದು ಕೈ ಚಾಚಿ ಎಲೆ ತೆಗೆದುಕೊಂಡು ಕಿಸೆಗೆ ಹಾಕಿಕೊಂಡರು. "ನಿನಗೂ ಹಂಗ... ಇರು, ಈ ಕಾಲು ನೋಡವಾ, ಹೆಂಗ ಹಿಡದೈತಿ..." ವಾಕ್ಯ ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಅರ್ಧ ಚಹಾ ಕೆನೆಗಟ್ಟಿತ್ತು.

ವೈನಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು: "ಊಟಾ ಅರ್ಧಕ್ಕ ಬಿಟ್ಟು ಎದ್ರವಾ!" ಮಗು ಮೊದಲ ಹೆಜ್ಜೆ ಇಟ್ಟಿತು ಎನ್ನುವ ದನಿಯಲ್ಲಿ.

ದುರಸ್ತಿಗೆ ದೀಪಾವಳಿ ದಾಟಿತು. ಸಾಬರು ಮೈ ಕೈ ತುಂಬಿಕೊಂಡರು. ಬಿಸಿಲುಮಚ್ಚಿನ ಮೇಲೆ ತೊಟ್ಟಿ ಇಟ್ಟು ಪುದೀನ ಬೆಳೆಸಲು ಶುರು ಮಾಡಿ, ಅರ್ಧಕ್ಕೆ ಬಿಟ್ಟರು. ಎಲ್ಲವೂ ಸರಿಹೋಗಿತ್ತು. ಆಮೇಲೆ ಯಂತ್ರ ಮತ್ತೆ ಐದು ತೋರಿಸಿತು, ಸಾಬರು ಮತ್ತೆ ಚಹಾ ಪೂರ್ತಿ ಕುಡಿಯತೊಡಗಿದರು.

ಆಗ ವೈನಿ ಮಾಡಿದ್ದನ್ನು ನನಗೊಬ್ಬಳಿಗೇ ಹೇಳಿದರು. ರೊಟ್ಟಿ ಬಡಿಯುತ್ತ, ಆ ಸದ್ದಿನ ಮರೆಯಲ್ಲಿ ಹೇಳಿದರು. "ಧೂಳ ಒರಸೂ ನೆವ ಮಾಡಿ ಒಂದ ವೈರ್ ಕಿತ್ತ ಬಿಟ್ಟೆ ತಂಗಿ."

"ವೈನಿ!"

"ಏನ್ ಮಾಡ್ಲಿ ಮತ್ತ? ಮುಗಸ್ರಿ ಮುಗಸ್ರಿ ಅಂತ ನಾನ ಜೀವಾ ತಿಂದೆ. ಮುಗಿಸಿದ ಮನಿಶ್ಯಾನ ಮಾರಿ ನೋಡಾಕ ಆಗಲಿಲ್ಲ." ರೊಟ್ಟಿ ತಿರುವಿದರು. "ಕೆಂಪ ಮುಟ್ಟಂಗಿಲ್ಲ, ಅದರಾಗ ಕರಂಟ್ ಇರತೈತಿ. ಹಳದಿದು ಒಂದ ಕೀಳ್ತೀನಿ. ಹಳದಿ ಅಂದ್ರ ಅರಿಸಿನ, ಅದರಿಂದ ಏನೂ ಆಗಂಗಿಲ್ಲ."

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಒಂದು ಸಲಕ್ಕೆ ಇದು ನಿಲ್ಲಲಿಲ್ಲ. ಸಾಬರ ಕಪ್ಪು ಖಾಲಿಯಾಗಿ ಕಂಡಾಗಲೆಲ್ಲ ವೈನಿ ಧೂಳು ಒರೆಸುತ್ತಿದ್ದರು.

ಮುಂದೊಂದು ದಿನ ಸಾಬರು ನನ್ನನ್ನು ಬಿಡಲು ಕಿರಾಣಿ ಅಂಗಡಿಯ ಮೂಲೆಯ ತನಕ ಬಂದು, ತಿರುಗಿ ಹೋಗದೆ ನಿಂತರು. "ತಂಗಿ, ನಿನಗೊಂದು ಮಾತು ಹೇಳ್ತೀನಿ, ನಿಮ್ಮ ವೈನಿ ಮುಂದ ಬಾಯಿ ಬಿಡಬ್ಯಾಡ. ವೈರ್ ತಾನಾಗೇ ಸಡ್ಲ ಆಗಬಹುದು, ಖರೇ. ಆದರ ಬಿಚ್ಚಿದ ವೈರು ತುದಿ ಮಡಚಿಕೊಂಡು ತಾನ ಮೂಲಿಗೆ ಹೋಗಿ ಮಲಗತೈತೇನು? ಅದೂ ಪ್ರತಿ ಸಲ ಹಳದಿದು?"

ನಾನು ನೆಲ ನೋಡಿದೆ. "ಮತ್ತ ಗೊತ್ತಿದ್ದರ ಹೊಳ್ಳಿ ಹಾಕಿಬಿಡಬಹುದಲ್ರಿ ಅಣ್ಣಾರ. ಎರಡ ನಿಮಿಷದ ಕೆಲಸ."

"ಹಾಕಬಹುದು. ಆದರ ಅಂಜಕೋತ, ಕೈ ನಡಗಸಕೋತ ಪಾಪ ಆಕಿ ಕಿತ್ತಿರ್ತಾಳ. ಎರಡ ನಿಮಿಷದಾಗ ಹಾಕಿದ್ರ ಆಕಿಗೆ ಹೆಂಗ ಆಗಬಾರ್ದು?" ಕಿವಿಯ ತುದಿ ಹಿಡಿದುಕೊಂಡರು. "ಮ್ಯಾಲ, ಹುಡುಕಾಕ ಹೋದ್ರ ನನ್ನವ ಬ್ಯಾರೆ ತಪ್ಪು ಸಿಗತಾವ. ಅವನ್ನ ರಿಪೇರಿ ಮಾಡ್ತೀನಿ. ಹಳದಿ ಕಡೀಕ ಹಾಕ್ತೀನಿ... ಇರ್ಲಿ, ಮುಂದ ಸೀದಾ ಐತಿ, ಹೋಗವಾ."

ಗಂಡನ ಗುಟ್ಟು ಹೆಂಡತಿಗೆ ಹೇಳಲಿಲ್ಲ, ಹೆಂಡತಿಯ ಗುಟ್ಟು ಗಂಡನಿಗೆ ಹೇಳಲಿಲ್ಲ. ಅವರಿಬ್ಬರ ನಡುವೆ ನಾನು ಬೀಗ ಹಾಕಿದ ಪೆಟ್ಟಿಗೆಯಂತೆ ಕೂತಿದ್ದೆ. ಅಂಥ ದಾಂಪತ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ, ನನ್ನ ಮನೆಯಲ್ಲೂ ನೋಡಿಲ್ಲ. ಆಗಾಗ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಚಳಿಗಾಲದಲ್ಲಿ ಜ್ವರವೆಂದು ಮಲಗಿದ ವೈನಿ ಏಳಲಿಲ್ಲ.

ನಾನು ಮಣ್ಣಿಗೆ ಹೋಗಿದ್ದೆ, ಆಮೇಲೆ ಬಹಳ ತಿಂಗಳು ಆ ಕಡೆ ಹೋಗಲು ಕಾಲು ಬರಲಿಲ್ಲ. ಹೋದಾಗ ಸಾಬರು ಗೇಟಿನ ಎರಡೂ ಕದ ತೆರೆದು ಒಳಗೆ ಕರೆದರು. ಮನೆ ಚೊಕ್ಕಟವಾಗಿತ್ತು. ಪುದೀನದ ತೊಟ್ಟಿ ಖಾಲಿ ಮಾಡಿ ಬೋರಲು ಹಾಕಿದ್ದರು. ಅಂಗಿಯ ಎರಡೂ ತೋಳು ಇಳಿಬಿಟ್ಟು ಗುಂಡಿ ಹಾಕಿದ್ದರು. ಮೇಜಿನ ಮೇಲೆ ಯಂತ್ರ ಒಂದು ಚೂರೂ ಧೂಳಿಲ್ಲದೆ ಕೂತಿತ್ತು. ಕೇಳದೆಯೇ ಅವರು ಸ್ವಿಚ್ಚು ಹಾಕಿದರು. ಎರಡು, ಮೂರು. ದೀಪಗಳು ಮಿಣುಕಿ, ಐದು ಬಂತು.

"ಆಕಿ ಹೋದಾಗಿಂದ ಒಮ್ಮಿನೂ ಕೆಟ್ಟಿಲ್ಲ ನೋಡವಾ," ಅಂದರು ಸಾಬರು. "ಒಮ್ಮಿನೂ."

ಚಹಾ ಮಾಡಲು ಒಳಗೆ ಹೋದರು.

ನಾನು ಆ ಯಂತ್ರದ ಮುಂದೆ ಒಬ್ಬಳೇ ಕೂತೆ. ಇನ್ನೊಬ್ಬರ ಸಾಮಾನು ಮುಟ್ಟುವುದು ನನ್ನ ಜಾಯಮಾನವಲ್ಲ. ಒಬ್ಬರ ಬದುಕಿನಲ್ಲಿ ಕೈ ಹಾಕುವುದಂತೂ ಅಲ್ಲವೇ ಅಲ್ಲ. ಒಳಗೆ ಸ್ಟೋವು ಹಚ್ಚಿದ ಸದ್ದಾಯಿತು. ಹಳದಿ ವೈರೊಂದು ಎದುರಿಗೇ ಇತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಅದು ವೈನಿಯದು. ಅದರ ಹಿಂದೆ ಒಂದು ನೀಲಿ ಕಂಡಿತು. ಹಿಡಿದು ಎಳೆದೆ. ನಾನು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಬಂತು. ತುದಿಯನ್ನು ಉಳಿದ ವೈರುಗಳ ನಡುವೆ ತೂರಿಸಿ, ಸಾಬರು ಚಹಾ ತಂದಾಗ ಗೋಡೆಯ ಮೇಲಿದ್ದ ವೈನಿಯ ಫೋಟೋ ನೋಡುತ್ತ ಕೂತಿದ್ದೆ. ಅಷ್ಟು ವರ್ಷ ಆ ಹೆಂಗಸು ಇದನ್ನು ಹೇಗೆ ಮಾಡಿದರೋ.

ಫೋನ್ ಬರಲು ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು.

"ತಂಗಿ, ಮಷೀನ್ ಕೆಟ್ಟಿತ್ತವಾ." ದನಿಯಲ್ಲಿ ಹಳೆಯ ಗಡಿಬಿಡಿ ಇತ್ತು. "ಒಂದ ಐ.ಸಿ. ಸುಟ್ಟೈತೇನೋ ಅಂತ ಕೋಠಿಗೆ ಹೋಗಿ ಬಂದೆ, ಅದಲ್ಲ. ಮತ್ತ ಕೂಡೂ ಭಾಗ ಪೂರಾ ಬಿಚ್ಚಿ ನೋಡಿದೆ, ಅದೂ ಅಲ್ಲ. ಕಡೀಕ ಸಿಕ್ತು. ವೈರು."

"ಹೌದೇನ್ರಿ? ಛಲೋ ಆತು."

ಆ ಕಡೆ ಅವರು ಕಿವಿಯ ತುದಿ ಹಿಡಿದುಕೊಂಡಿರಬೇಕು.

"ನಿಮ್ಮ ವೈನಿ ಹಳದಿ ಬಿಟ್ಟು ಬ್ಯಾರೆ ಮುಟ್ಟತಿದ್ದಿಲ್ಲ," ಅಂದರು. "ಇದು ನೀಲಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಇರ್ಲಿ. ಅದನ್ನ ಆಮ್ಯಾಲೆ ನೋಡೂಣು. ಮತ್ತ ಯಾವಾಗ ಬರ್ತೀವಾ?"

ಮುಂದಿನ ತಿಂಗಳು ಹೋದೆ. ಅದರ ಮುಂದಿನ ತಿಂಗಳೂ. ನಾನು ಹೋದಾಗಲೆಲ್ಲ ಸಾಬರು ಚಹಾ ಮಾಡಲು ಒಳಗೆ ಹೋಗಿ, ಚಹಾಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇರುತ್ತಿದ್ದರು. ಈ ವಿಷಯವನ್ನು ನಾವು ಬಾಯಿ ಬಿಟ್ಟು ಆಡಲಿಲ್ಲ. ಆಮೇಲೆ ನೋಡುವುದಾಗಿತ್ತು.

ಅವರು ಹೋದ ಬೆಳಿಗ್ಗೆಯ ಸಂಗತಿಯನ್ನು ಮಗಳು ಅಂದು ಫೋನಿನಲ್ಲಿ, ನನ್ನ ಆ ಒರಟು ಮಾತಿನ ನಂತರ, ಹೇಳಿದಳು. ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದರಂತೆ. ಯಂತ್ರದ ಒಂದು ಹಲಗೆ ಬಿಚ್ಚಿ ಎದುರಿಗೆ ಇಟ್ಟುಕೊಂಡಿದ್ದರಂತೆ. ಒಂದು ತೋಳು ಮಡಚಿತ್ತಂತೆ.

"ಚಹಾ?" ಎಂದು ಕೇಳಿದೆ.

"ಏನತ್ತಿ?"

"ಅಪ್ಪಾಜಿ ಚಹಾ ಕುಡದಿದ್ರೇನವಾ?"

ಅವಳು ನೆನಪು ಮಾಡಿಕೊಂಡಳು. "ಅರ್ಧಾ ಕುಡದಿದ್ರು. ಅರ್ಧಾ ಕಪ್ಪಿನ್ಯಾಗ ಹಂಗ ಇತ್ತು."